ದೊಡ್ಡಮ್ಮನ ಬಲಗಾಲು

ನಮ್ಮ ದೊಡ್ಡಮ್ಮನನ್ನು ಬೀದಿಯವರೆಲ್ಲ ಸೀಟಮ್ಮ ಎಂದೇ ಕರೆಯುವುದು. ಬೈಕಿನ ಸೀಟು ಹೊಲಿಯುವುದು ಅವಳ ಕಸುಬು. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಂಗಡಿ. ಅದರೊಳಗೇ ರೆಕ್ಸಿನ್ ಸುರುಳಿ, ಫೋಮು, ಅಂಟಿನ ಡಬ್ಬ, ಹೊಲಿಗೆ ಮಷೀನು, ಮತ್ತು ಸ್ಟೂಲಿನ ಮೇಲೆ ದೊಡ್ಡಪ್ಪ. ಮೊಣಕಾಲು ಕೈಕೊಟ್ಟ ಮೇಲೆ ದೊಡ್ಡಪ್ಪ ಬೈಕು ಬಿಟ್ಟರು, ಬೈಕಿನ ಕಥೆ ಬಿಡಲಿಲ್ಲ. ಬಂದವರಿಗೆಲ್ಲ ತಮ್ಮ ಹಳೇ ಹಸಿರು ಬೈಕಿನ ಪುರಾಣ ಊದುತ್ತಾ ಕೂರುತ್ತಿದ್ದರು.

ನಡುವೆ ಕೆಲವು ವರ್ಷ ಅಂಗಡಿಯಲ್ಲಿ ನೊಣ ಹೊಡೆಯುವ ಕಾಲ ಬಂದಿತ್ತು. ಆಮೇಲೆ ಶುರುವಾಯಿತು ನೋಡಿ ಹೊಸ ಹುಚ್ಚು. ಕಂಪನಿಗಳು ತಾತನ ಕಾಲದ ವೇಷದಲ್ಲಿ ಹೊಸ ಬೈಕು ಬಿಟ್ಟವು. ಗುಂಡು ಹೆಡ್‌ಲೈಟು, ಹೊಟ್ಟೆ ಉಬ್ಬಿದ ಟ್ಯಾಂಕು. ಆದರೆ ಗುಂಡಿ ಒತ್ತಿದರೆ ಸ್ಟಾರ್ಟು, ಮೇಲಿಂದ ಫೋನಿಗೆ ಚಾರ್ಜು. ಒದ್ದೂ ಒದ್ದೂ ಕಾಲು ಸೋತ ತಾತಂದಿರ ಮೊಮ್ಮಕ್ಕಳಿಗೆ ಹಳೆಯದರ ಚಂದ ಬೇಕು, ಒದೆತ ಬೇಡ. ಅವರು ಶೋರೂಮಿನಿಂದ ನೇರ ದೊಡ್ಡಮ್ಮನ ಬಳಿ ಬಂದು, ನಲವತ್ತು ವರ್ಷ ಹಳೆಯದಾಗಿ ಕಾಣುವ ಕಂದು ಸೀಟು ಹೊಲಿದುಕೊಡಿ ಎನ್ನತೊಡಗಿದರು. ಮುದುಕರು ಕೂದಲಿಗೆ ಬಣ್ಣ ಹಚ್ಚುವುದು ಗೊತ್ತಿತ್ತು, ಹುಡುಗರು ಸುಕ್ಕು ಹಚ್ಚಿಕೊಳ್ಳುವುದು ಈಗ ನೋಡಿದೆ ಎಂದು ಅವಳು ಮೂಗು ಮುರಿದಳು.

ಒಂದು ದಿನ ಹಸಿರು ಬಣ್ಣದ್ದೊಂದು ಬಂತು. ಥೇಟ್ ದೊಡ್ಡಪ್ಪನ ಬೈಕೇ. ಸೀಟಿನ ಎತ್ತರ ನೋಡುತ್ತೇನೆಂದು ಹತ್ತಿ ಕೂತ ದೊಡ್ಡಮ್ಮ ಅರ್ಧ ಗಂಟೆ ಇಳಿಯಲಿಲ್ಲ. ಮದುವೆಯಾದ ಹೊಸತರಲ್ಲಿ ದೊಡ್ಡಪ್ಪ ಮೈದಾನದಲ್ಲಿ ಅವಳಿಗೆ ಬೈಕು ಕಲಿಸಿದ್ದರು. ಮಕ್ಕಳಾದ ಮೇಲೆ ಹಿಂದಿನ ಸೀಟಿಗೆ ಹೋದವಳು ಅಲ್ಲೇ ಉಳಿದಳು. ಆ ಸೀಟು ಕಲ್ಲಿನ ಹಾಗಿದೆ ಎಂದು ಅವಳು ಇಪ್ಪತ್ತು ವರ್ಷ ಗೊಣಗಿದರೆ, ದೊಡ್ಡಪ್ಪ ಇಪ್ಪತ್ತು ವರ್ಷವೂ ಹೇಳಿದ್ದು ಒಂದೇ ಮಾತು: "ಎಲ್ಲ ಸರಿ ಇದೆ, ಕೂತ್ಕೋ." ಅವಳು ಸೀಟು ಹೊಲಿಯಲು ಕಲಿತದ್ದೇ ಆ ಸಿಟ್ಟಿಗೆ. ಕಲಿತರೂ ಕಂಪನಿ ಸೀಟು ಮುಟ್ಟಬೇಡ ಎಂದು ಆ ಪುಣ್ಯಾತ್ಮರು ಅಡ್ಡ ನಿಂತರು.

ಮರುವಾರ ದೊಡ್ಡಮ್ಮ ತಾನೇ ಒಂದು ಹಸಿರು ಬೈಕು ಕೊಂಡಳು. ಅರವತ್ತರ ಹತ್ತಿರ ಇದೇನು ಹುಚ್ಚಾಟ ಎಂದು ಮನೆಯವರೆಲ್ಲ ಬಾಯಿ ಬಿಟ್ಟೆವು. ದೊಡ್ಡಪ್ಪ ಮಾತ್ರ ಗಹಗಹಿಸಿ ನಕ್ಕರು.

"ಲೈಸೆನ್ಸ್ ತಗೊಂಡು ಬಾ. ಆಮೇಲೆ ನಾನು ಹಿಂದೆ ಕೂರ್ತೀನಿ."

"ಮಾತು ಬದಲಾಯಿಸಬಾರದು ನೋಡಿ" ಎಂದಳು ದೊಡ್ಡಮ್ಮ. ಅವಳ ಮುಖ ಕೆಂಪಗಾಗಿತ್ತು. ಅವಳು ಯಾವುದಕ್ಕೂ ಅಷ್ಟು ಆಸೆಪಟ್ಟದ್ದನ್ನು ನಾನು ನೋಡಿರಲೇ ಇಲ್ಲ.

ಪರೀಕ್ಷೆಯ ದಿನ ಎಂಟರ ಆಕಾರದ ಗೆರೆಯಲ್ಲಿ ಅರ್ಧ ಚೆನ್ನಾಗಿಯೇ ಹೋದಳು. ತಿರುವಿನಲ್ಲಿ ಗೇರು ಇಳಿಸಬೇಕು. ದೊಡ್ಡಪ್ಪನ ಹಳೇ ಬೈಕಿನಲ್ಲಿ ಗೇರು ಇದ್ದದ್ದು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನದರಲ್ಲಿ ಅದು ತಿರುಗುಮುರುಗು. ಮನೆ ಮುಂದೆ ಓಡಿಸುವಾಗ ನೆನಪಿರುತ್ತಿತ್ತು; ಎದೆ ಢವಗುಟ್ಟುವಾಗ ಬಲಗಾಲು ಹಳೇ ಟ್ಯಾಂಕು ನೋಡಿ ಹಳೇ ಬೈಕೆಂದೇ ನಂಬಿತು. ಗೇರೆಂದು ಬ್ರೇಕು ಒತ್ತಿದಳು. ಬೈಕು ಗಕ್ಕನೆ ನಿಂತು ವಾಲಿತು. ಇನ್ಸ್‌ಪೆಕ್ಟರು ಫೇಲ್ ಬರೆದರು. ದೊಡ್ಡಪ್ಪ ನಗಲಿಲ್ಲ.

"ತಪ್ಪು ನಿಂದಲ್ಲ ಕಣೇ. ಹಾಗೆ ಕಲಿಸಿದವನು ನಾನು."

ಅವಳು ಸುಮ್ಮನಿರುವವಳೇ? ಹೊಲಿಗೆ ಮಷೀನನ್ನೂ ಅವಳು ಇಷ್ಟು ವರ್ಷ ತುಳಿದದ್ದು ಬಲಗಾಲಲ್ಲೇ. ಇದರ ಕೊಬ್ಬು ಇಳಿಸುತ್ತೇನೆಂದು, ಬಲಗಾಲನ್ನು ಒಂದು ಡಬ್ಬದ ಮೇಲೆ ಕೂರಿಸಿ ಒಂದು ತಿಂಗಳು ಎಡಗಾಲಲ್ಲೇ ಮಷೀನು ನಡೆಸಿದಳು. ಸೀಟಿನ ಹೊಲಿಗೆಗಳೆಲ್ಲ ಕುಡಿದು ಮನೆಗೆ ಹೊರಟವರ ಹಾಗೆ ಓಲಾಡಿದವು. ಬಿಚ್ಚಲು ಬ್ಲೇಡು ಎತ್ತಿಕೊಂಡರೆ ಗಿರಾಕಿ ಕೈ ಹಿಡಿದುಕೊಂಡ.

"ಬಿಚ್ಚಬೇಡಿ ಅಮ್ಮ. ಮಷೀನಲ್ಲಿ ಮಾಡಿದ ಹಾಗೇ ಇಲ್ಲ, ಇದೇ ನಿಜವಾದ ಹಳೇದು."

ಎರಡು ವಾರದಲ್ಲಿ ಸೊಟ್ಟ ಹೊಲಿಗೆಯ ಸೀಟಿಗಾಗಿ ಅಂಗಡಿ ಮುಂದೆ ಸಾಲು ಸಾಲು ಹೊಸ ಹಳೇ ಬೈಕುಗಳು ನಿಂತವು. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನೇರ ಹೊಲಿಯಲು ಮೂವತ್ತು ವರ್ಷ ಕಲಿತದ್ದು ದಂಡ ಎಂದು ಅವಳೂ ಕಣ್ಣೊರೆಸಿಕೊಂಡು ನಕ್ಕಳು. ಆ ನಡುವೆಯೇ ತನ್ನ ಬೈಕಿನ ಮುಂದಿನ ಸೀಟಿಗೆ ಎರಡು ಪದರ ಫೋಮು ಹಾಕಿಕೊಂಡಳು. ಹಿಂದಿನದಕ್ಕೆ ಕೈ ಹಚ್ಚಲಿಲ್ಲ. ಯಾಕೆ ಎಂದು ಕೇಳಿದರೆ, ಕಂಪನಿ ಸೀಟು ಮುಟ್ಟಬಾರದಂತೆ ಎಂದಳು.

ಎರಡನೇ ಪರೀಕ್ಷೆಯಲ್ಲಿ ಅದೇ ತಿರುವು ಬಂತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ದೊಡ್ಡಮ್ಮ ಎಂಟು ಮುಗಿಸಿ ಬಂದಿದ್ದಳು, ಇನ್ಸ್‌ಪೆಕ್ಟರು ಪಾಸ್ ಬರೆಯುತ್ತಾ ಈ ಸೀಟು ಎಲ್ಲಿ ಹೊಲಿಸಿದ್ದೆಂದು ವಿಚಾರಿಸುತ್ತಿದ್ದರು.

ಲೈಸೆನ್ಸ್ ಕೈಗೆ ಬಂದ ಬೆಳಿಗ್ಗೆ ದೊಡ್ಡಪ್ಪನನ್ನು ಹಿಡಿದು ಹಿಂದೆ ಹತ್ತಿಸಿದೆವು. ನಾನು ಸ್ಕೂಟರಿನಲ್ಲಿ ಪಕ್ಕದಲ್ಲೇ ಹೋದೆ. ಮೂರು ಬೀದಿ ದಾಟುವಷ್ಟರಲ್ಲಿ ಅವರು ಅತ್ತಿತ್ತ ಮಿಸುಕಾಡತೊಡಗಿದರು.

"ಇವಳೇ, ಹಿಂದಿನ ಸೀಟು ಸ್ವಲ್ಪ ಗಟ್ಟಿ ಅಲ್ವಾ?"

"ಎಲ್ಲ ಸರಿ ಇದೆ, ಕೂತ್ಕೊಳ್ಳಿ."

ದೊಡ್ಡಪ್ಪ ಅವಳ ಬೆನ್ನಿಗೆ ಹಣೆ ಒತ್ತಿಕೊಂಡು ನಗತೊಡಗಿದರು. ಅವಳಿಗೂ ನಗು ತಡೆಯದೆ ಬೈಕು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಹೆಗಲಿನ ಚೀಲದಿಂದ ಅವಳು ಒಂದು ಮೆತ್ತನೆಯ ದಿಂಬು ತೆಗೆದು ಅವರ ಕೈಗಿಟ್ಟಳು. ಕಂದು ರೆಕ್ಸಿನ್ನಿನದು, ಹೊಲಿಗೆ ಒಂದಿಷ್ಟೂ ಸೊಟ್ಟಗಿರಲಿಲ್ಲ.