ಇಳಿಯಲು ಬಿಡದ ಹುಡುಗಿ

ಕಾರ್ಕಳದ ಕಡೆಯ ಬಂಡೆಗಳಲ್ಲಿ ಪಿಯುಸಿ ಮಕ್ಕಳಿಗೆ ಹಗ್ಗ ಹಿಡಿದು ಇಳಿಯುವುದನ್ನು ಕಲಿಸುವುದು ನನ್ನ ಕೆಲಸ. ನನ್ನದೊಂದು ನಿಯಮ ಉಂಟು: ಜೊತೆಯವರು ನಿಮ್ಮ ಹಗ್ಗ ಕಟ್ಟುವ ಸೊಂಟದ ಬೆಲ್ಟು, ಗಂಟು ಎರಡನ್ನೂ ಮುಟ್ಟಿ ನೋಡಿ "ಸರಿ ಉಂಟು" ಎನ್ನದೆ ಯಾರೂ ಇಳಿಯಬಾರದು.

ಕುಕ್ಕುಂದೂರಿನ ಶಿಬಿರದಲ್ಲಿ ಒಬ್ಬಳು ಹುಡುಗಿ ಇದ್ದಳು. ನೀರು ಕುಡಿಯಲಿಕ್ಕೂ "ಸರ್, ಕುಡಿಯಬಹುದಾ?" ಎಂದು ಕೇಳುವಷ್ಟು ಸಂಕೋಚ. ಮಧ್ಯಾಹ್ನ ಊಟದ ನಂತರ ಇಳಿದು ತೋರಿಸಲು ನಾನೇ ಬಂಡೆಯ ಅಂಚಿಗೆ ಹೋದೆ. ನನ್ನನ್ನು ಪರೀಕ್ಷಿಸಲು ಅವಳನ್ನು ಕರೆದೆ.

ಅವಳು ಬೆಲ್ಟು ಮುಟ್ಟಿ ನೋಡಿ, "ಸರ್, ನೀವು ಇಳಿಯುವುದು ಬೇಡ" ಎಂದಳು.

"ಎಂತ ಮಾರಾಯ್ತಿ, ಹದಿನೈದು ವರ್ಷದಿಂದ ಇಳಿಯುತ್ತಾ ಇದ್ದೇನೆ!"

"ಆದರೂ ಸರಿ ಉಂಟು ಅಂತ ನಾನು ಹೇಳುವುದಿಲ್ಲ ಸರ್." ಅವಳು ನನ್ನ ಹಗ್ಗ ಬಿಡಲಿಲ್ಲ.

ಬಗ್ಗಿ ನೋಡಿದೆ. ಗಂಜಿ ಎರಡು ಬಟ್ಟಲು ಹೆಚ್ಚಾಯಿತೆಂದು ಸೊಂಟದ ಬೆಲ್ಟು ಸಡಿಲಿಸಿದವನು ಬಿಗಿ ಮಾಡಲು ಮರೆತೇಬಿಟ್ಟಿದ್ದೆ! ಮೂವತ್ತು ಮಕ್ಕಳು ನನ್ನನ್ನೇ ನೋಡುತ್ತಿದ್ದರು. ನಾಚಿಕೆ ಆಗಬೇಕಿತ್ತು, ಆದರೆ ಅವಳನ್ನು ನೋಡಿ ನನ್ನ ಎದೆ ಉಬ್ಬಿತು.

ಸಂಜೆ ಶಿಬಿರದ ಅಂಕ ಹಾಕುವಾಗ ಅವಳ ಹಾಳೆಯಲ್ಲಿ 'ಧೈರ್ಯ' ಎಂಬುದರ ಎದುರು ಹತ್ತಕ್ಕೆ ಹತ್ತು ಬರೆದೆ. ಇಷ್ಟಾಗಿಯೂ ಅವಳು ಆ ದಿನ ಬಂಡೆ ಇಳಿಯಲೇ ಇಲ್ಲ. ಹೆದರಿಕೆಯಂತೆ!