ನಲವತ್ತೆರಡು ಲಕ್ಷ, ಆಮೇಲೆ ಮೂವತ್ತೆರಡು

ನೀರಿನ ಹದ ನೋಡಲು ನಮ್ಮತ್ತೆ ಸೊಣ್ಣಮ್ಮನವರಿಗೆ ಮೊಣಕೈ ಒಂದು ಸಾಕು. ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ, ‘ಹೂಂ’ ಅಂದರೆ ಮುಗಿಯಿತು, ಆ ನೀರು ಕೂಸಿಗೆ ಸರಿ. ಕೊಡಿಗೇಹಳ್ಳಿ ನಿಜಕ್ಕೂ ಹಳ್ಳಿಯಾಗಿದ್ದ ಕಾಲದಿಂದ ಹಿಡಿದು, ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ಮೂರಂತಸ್ತಿನ ಮನೆಗಳು ಏಳುವವರೆಗೂ, ಯಾರ ಮನೆಯಲ್ಲಿ ಹೆರಿಗೆಯಾದರೂ ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕಲು ಕರೆ ಬರುತ್ತಿದ್ದುದು ಅವರಿಗೇ. ಕಾಲು ಚಾಚಿ ಕೂತು ಕೂಸನ್ನು ಬೋರಲು ಮಲಗಿಸಿಕೊಂಡರೆ ಎಂಥ ಹಟಮಾರಿಯೂ ಅಳು ಮರೆಯುತ್ತಿತ್ತು. ಮಂಡಿನೋವು ಹಿಡಿದ ಮೇಲೆ ಹೊರಗಿನ ಮನೆಗಳನ್ನು ಬಿಟ್ಟರು. ಆಮೇಲೆ ನಮ್ಮ ಮನೆಯಲ್ಲೇ ನನ್ನ ಮಗ ಯಶವಂತನಿಗೆ ನೀರು ಹಾಕಿದರು.

ನಾನು ಅವರ ಸೊಸೆ ತೇಜಸ್ವಿನಿ. ಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಆ ಜೋರು ಬಾಯಿ ಮನೆಗೂ ಬರುತ್ತದೆ. ಅತ್ತೆಯದೂ ಏನು ಕಡಿಮೆಯಿಲ್ಲ. ನಮ್ಮಿಬ್ಬರ ಮಾತು ಕೇಳಿದವರು ಜಗಳ ಅಂದುಕೊಳ್ಳುತ್ತಾರೆ, ನಾವು ಬೆಳಿಗ್ಗೆ ತಿಂಡಿಗೆ ಏನು ಮಾಡೋಣ ಎಂದು ಮಾತಾಡಿಕೊಳ್ಳುತ್ತಿರುತ್ತೇವೆ ಅಷ್ಟೆ.

2017ರಲ್ಲಿ ಅವರಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿದವರು ಹೆಪಟೈಟಿಸ್ ಸಿ ಇದೆ ಎಂದು ಬರೆದು ಕೊಟ್ಟರು. ಕಣ್ಣಿನ ಮಾತು ಅಲ್ಲಿಗೇ ನಿಂತಿತು. ಹೆಬ್ಬಾಳದ ಹತ್ತಿರ ಲಿವರ್ ಡಾಕ್ಟರನ್ನು ಹುಡುಕಿಕೊಂಡು ಹೋದೆವು. ಸಮಾಧಾನವಾಗಿ ಮಾತಾಡುವ ಹೆಂಗಸು. ‘ವೈರಲ್ ಲೋಡ್’ ಎಂಬ ಇನ್ನೊಂದು ಪರೀಕ್ಷೆ ಮಾಡಿಸಿ, ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಅದರಲ್ಲಿ ಗೊತ್ತಾಗುತ್ತೆ ಎಂದರು. ವರದಿ ಬಂತು. ಒಂದು ಮಿಲಿಲೀಟರ್ ರಕ್ತದ ಲೆಕ್ಕದಲ್ಲಿ ನಲವತ್ತೆರಡು ಲಕ್ಷ. ಲ್ಯಾಬಿನ ಕೌಂಟರಿನ ಮುಂದೆ ನಿಂತು ಆ ಅಂಕಿಗಳ ಸಾಲನ್ನು ಎರಡೆರಡು ಸಲ ಎಣಿಸಿದೆ. ಆಗ ನಾನು ನಾಲ್ಕು ತಿಂಗಳ ಬಸುರಿ.

“ನಂಬರ್ ನೋಡಿ ಹೆದರ್ಕೋಬೇಡಿ,” ಎಂದರು ಡಾಕ್ಟರು. “ನಂಬರ್ ಜಾಸ್ತಿ ಇದ್ದ ತಕ್ಷಣ ಲಿವರ್ ಜಾಸ್ತಿ ಹಾಳಾಗಿದೆ ಅಂತ ಅರ್ಥ ಅಲ್ಲ. ಸ್ಕ್ಯಾನಲ್ಲಿ ಲಿವರ್ ಚೆನ್ನಾಗೇ ಇದೆ. ದಿನಕ್ಕೊಂದು ಮಾತ್ರೆ, ಮೂರು ತಿಂಗಳು. ಒಂದು ತಿಂಗಳಾದ್ಮೇಲೆ ಒಂದ್ಸಲ ನೋಡೋಣ, ಮುಗಿದಾಗ ಒಂದ್ಸಲ. ನಿಲ್ಲಿಸಿ ಮೂರು ತಿಂಗಳಾದ್ಮೇಲೆ ನೋಡ್ತೀವಲ್ಲ, ಅದೇ ಕೊನೇ ತೀರ್ಪು.”

ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅತ್ತೆಯ ಹತ್ತಿರ ಒಂದೇ ಉತ್ತರವಿತ್ತು. ನನ್ನ ಗಂಡ ಮುನೀಂದ್ರ ಹುಟ್ಟುವಾಗ ಅವರಿಗೆ ಎರಡು ಬಾಟಲಿ ರಕ್ತ ಕೊಟ್ಟಿದ್ದರಂತೆ. ಆ ಕಾಲದಲ್ಲಿ ಇದಕ್ಕೆ ಪರೀಕ್ಷೆ ಇರಲಿಲ್ಲ, ಅದರಿಂದಲೇ ಬಂದಿರಬಹುದು ಎಂದರು ಡಾಕ್ಟರು. “ರಕ್ತದಿಂದ ರಕ್ತಕ್ಕೆ ಹೋದ್ರೆ ಮಾತ್ರ ಬರೋದು ಅಜ್ಜಿ. ಮುಟ್ಟಿದ್ರೆ, ಜೊತೇಲಿ ಊಟ ಮಾಡಿದ್ರೆ ಬರಲ್ಲ.”

ಅತ್ತೆ ತಲೆಯಾಡಿಸಿದರು. ಮನೆಗೆ ಬಂದವರೇ ತಮ್ಮ ತಟ್ಟೆ ಲೋಟ ಬೇರೆ ಇಟ್ಟುಕೊಂಡರು. ಮೂರು ವರ್ಷದ ಯಶವಂತ ಓಡಿಬಂದು ತೊಡೆ ಏರಿದರೆ ದೂರ ತಳ್ಳಿದರು. ನನಗೆ ಉರಿದುಹೋಯಿತು. “ಡಾಕ್ಟ್ರು ಅಷ್ಟು ಬಿಡಿಸಿ ಹೇಳಿದ್ರಲ್ಲ ಅತ್ತೆ, ಮಗು ಏನ್ ಪಾಪ ಮಾಡಿದೆ?” ಎಂದು ಕೂಗಾಡಿದೆ. ಎದುರು ಮಾತಾಡದೆ ಬಿಡುವ ಜೀವವಲ್ಲ ಅದು. ಅಂದು ಸುಮ್ಮನೆ ಎದ್ದು ಹಿತ್ತಲಿಗೆ ಹೋದರು.

ಮಾತ್ರೆ ಶುರುವಾಗಿ ತಿಂಗಳು ಕಳೆದು ಎರಡನೆಯ ವರದಿ ಬಂದಾಗ ಹಿಗ್ಗಿನಿಂದ ಬಸ್ಸಿಗೂ ಕಾಯದೆ ಆಟೊ ಹತ್ತಿದೆ. ಮೂವತ್ತೆರಡು! ಲಕ್ಷವಲ್ಲ, ಸಾವಿರವಲ್ಲ, ಬರೀ ಮೂವತ್ತೆರಡು. ಅತ್ತೆ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಹೇಳಿದೆ. ಅವರ ಮುಖ ಸುಣ್ಣದಂತೆ ಬಿಳಿಚಿತು.

“ಮೂವತ್ತೆರಡು ಇನ್ನೂ ಉಳ್ಕಂಡವಾ?”

“ಅಯ್ಯೋ, ನಲವತ್ತೆರಡು ಲಕ್ಷದಿಂದ ಇಳಿದಿರೋದು ಅತ್ತೆ!”

“ನಲವತ್ತೆರಡು ಲಕ್ಷ ಅಂದ್ರೆ ನಂಗೇನ್ ಗೊತ್ತಾಯ್ತದೆ? ಅದು ಸೈಟು ಮಾರೋರ ಬಾಯಾಗಿನ ಮಾತು. ಮೂವತ್ತೆರಡು ನಂಗೆ ಎಣಿಸಾಕೆ ಬತ್ತದೆ ಕಣವ್ವ.” ಮೊರದ ಅಂಚಿಗೆ ಒಂದೊಂದೇ ಕಾಳು ಸರಿಸತೊಡಗಿದರು. ಹತ್ತಕ್ಕೆ ನಿಂತರು. “ಒಂದ್ ಕೂಸಿಗೆ ಒಂದ್ ಸಾಕಾಗಕ್ಕಿಲ್ವಾ ತೇಜೂ?”

“ಯಾವ ಕೂಸಿಗೆ?”

ಆಗ ಹೇಳಿದರು. ಕೂಸುಗಳ ಉಗುರಿಗೆ ಅವರು ಎಂದೂ ಕತ್ತರಿ ತಾಕಿಸಿದವರಲ್ಲ. ನೀರು ಹಾಕಿದ ಮೇಲೆ ಉಗುರು ಮೆತ್ತಗಾಗಿರುತ್ತದೆ, ಪುಟ್ಟ ಬೆರಳನ್ನು ಬಾಯಿಗಿಟ್ಟು ಮುಂದಿನ ಹಲ್ಲಿನಿಂದ ಮೆಲ್ಲಗೆ ಕಚ್ಚಿ ತೆಗೆಯುತ್ತಿದ್ದರು. ಅವರ ತಾಯಿ ಮಾಡುತ್ತಿದ್ದುದೂ ಹಾಗೆಯೇ. ಅದನ್ನು ನಾನೇ ಎಷ್ಟೋ ಸಲ ನೋಡಿ ನಕ್ಕಿದ್ದೇನೆ. ಆದರೆ ಯಶವಂತ ಹುಟ್ಟುವ ಹೊತ್ತಿಗೆ ಎಲೆ‌ ಅಡಿಕೆ ಸುಣ್ಣ ಜಗಿದೂ ಜಗಿದೂ ಅವರ ಒಸಡು ಹುಣ್ಣಾಗಿ ರಕ್ತ ಒಸರುತ್ತಿತ್ತು. “ಒಂದ್ ದಿನ ಅವನ ಎಬ್ಬೆಳ್ಳು ಗಾಯ ಆಯ್ತು. ಸೀರೆ ಸೆರಗಲ್ಲಿ ಒರಸ್ದೆ. ಆ ರಕ್ತ ಅವಂದೋ ನನ್ ಒಸಡಿಂದೋ ಇವತ್ಗೂ ಗೊತ್ತಿಲ್ಲ. ಡಾಕ್ಟ್ರಮ್ಮ ರಕ್ತದಿಂದ ರಕ್ತಕ್ಕೆ ಅಂದಾಗ್ಲೇ ನನ್ ಜೀವ ಓಯ್ತು.”

ನನ್ನ ಜೀವವೂ ಹೋಯಿತು. ಪಡಸಾಲೆಯಲ್ಲಿ ಯಶವಂತ ಪ್ಲಾಸ್ಟಿಕ್ ಬಸ್ಸು ಓಡಿಸುತ್ತಿದ್ದ. ಅವನ ಹೆಬ್ಬೆರಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ, ಅಲ್ಲಿ ಬರೆದಿರುತ್ತದೆಯೋ ಎಂಬಂತೆ. ಅತ್ತೆಯ ಮೇಲೆ ಕೆಟ್ಟ ಕೋಪ ಬಂತು. ಅದಕ್ಕಿಂತ ದೊಡ್ಡದಾಗಿ ಹೆದರಿಕೆ ಬಂತು, ಕೋಪಕ್ಕೆ ಬಾಯಿಯೇ ಇಲ್ಲದ ಹಾಗಾಯಿತು.

ಮಾರನೆಯ ದಿನ ಮಗನನ್ನೂ ಮುನೀಂದ್ರನನ್ನೂ ಎಳೆದುಕೊಂಡು ಹೋಗಿ ರಕ್ತ ಕೊಡಿಸಿದೆ. ಡಾಕ್ಟರು ಎಲ್ಲ ಕೇಳಿಸಿಕೊಂಡು, “ಸಾಧ್ಯತೆ ತುಂಬಾ ಕಡಿಮೆ. ಆದ್ರೂ ನೋಡೇಬಿಡೋಣ,” ಎಂದರು. ತುಂಬಾ ಕಡಿಮೆ ಎಂದರೆ ಎಷ್ಟು ಎಂದು ಕೇಳಲು ಗಣಿತದ ಟೀಚರಿಗೆ ಧೈರ್ಯ ಬರಲಿಲ್ಲ. ವರದಿ ಬರುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅತ್ತೆ ಮುನೇಶ್ವರನ ಗುಡಿಯ ಕಟ್ಟೆಯಲ್ಲೇ ಕೂತಿರುತ್ತಿದ್ದರು.

ಇಬ್ಬರಿಗೂ ಇರಲಿಲ್ಲ. ಫೋನಿನಲ್ಲಿ ಕೇಳಿ ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಗುಡಿಗೆ ಓಡಿಹೋಗಿ ಅತ್ತೆಗೆ ಹೇಳಿದರೆ, ಕೈಮುಗಿದು, “ಇವ್ನು ತಪ್ಪಿಸ್ಕಂಡ. ಒಟ್ಟೇಲಿರೋದು?” ಎಂದು ನನ್ನ ಹೊಟ್ಟೆ ನೋಡಿದರು. “ಅದುಕ್ಕೆ ನಾನು ನೀರಾಕಕ್ಕಿಲ್ಲ ಕಣವ್ವ. ಈಗ್ಲೇ ಏಳಿವ್ನಿ.”

ಮಾತ್ರೆ ಮುಗಿಯಿತು. ಮೂರನೆಯ ವರದಿಯಲ್ಲಿ ಅಂಕಿಯೇ ಇರಲಿಲ್ಲ.

“ಎಷ್ಟು?” ಎಂದರು ಅತ್ತೆ.

“ಸಿಕ್ಕಿಲ್ಲ ಅಂತ ಬರೆದಿದ್ದಾರೆ.”

“ಸೊನ್ನೆ ಅಂತ ಬರಿಬೌದಿತ್ತಲ್ಲ? ಸಿಕ್ಕಿಲ್ಲ ಅಂದ್ರೆ ಎಲ್ಲೋ ಅಡಗ್ಕಂಡೈತೆ.”

ಈ ಮಾತನ್ನು ನಗುತ್ತಾ ಡಾಕ್ಟರಿಗೆ ಹೇಳಿದರೆ ಅವರು ನಗಲಿಲ್ಲ. “ಅಜ್ಜಿ ಸರಿಯಾಗೇ ಕೇಳಿದ್ದಾರೆ. ಮಿಷನ್ನಿಗೆ ಕಾಣದಷ್ಟು ಕಡಿಮೆ ಉಳಿದಿದ್ರೂ ಹೀಗೇ ಬರುತ್ತೆ. ಅದಕ್ಕೇ ಮೂರು ತಿಂಗಳು ಕಾಯೋದು. ಒಂದು ಅಡಗಿದ್ರೂ ಅಷ್ಟರಲ್ಲಿ ಮತ್ತೆ ಬೆಳೆದು ಕಾಣಿಸ್ಕೊಳ್ಳುತ್ತೆ. ಆಗಲೂ ಸಿಗಲಿಲ್ಲ ಅಂದ್ರೆ ವಾಸಿ ಆದ ಹಾಗೆ. ಮೊದಲು ಮಾಡಿದ್ರಲ್ಲ, ಆ ಕಣ್ಣಾಸ್ಪತ್ರೆ ಪರೀಕ್ಷೆ, ಅದು ಹಿಂದೆ ಬಂದುಹೋದದ್ದರ ಗುರುತನ್ನ ನೋಡೋದು, ವಾಸಿ ಆದ್ರೂ ಜೀವನಪೂರ್ತಿ ಇದೆ ಅಂತಾನೇ ತೋರಿಸ್ತಿರುತ್ತೆ. ಅದನ್ನ ನೋಡಿ ಗಾಬರಿ ಆಗ್ಬೇಡಿ.” ನನ್ನ ನಗು ಅಲ್ಲೇ ಇಂಗಿತು.

ಆ ಮೂರು ತಿಂಗಳ ನಡುವೆ ಮಗಳು ಹುಟ್ಟಿದಳು. ನೀರು ಹಾಕಲು ಪಕ್ಕದ ಬೀದಿಯ ರತ್ನಕ್ಕ ಬಂದಳು. ಅವಸರದ ಹೆಂಗಸು. ಅತ್ತೆ ಬಚ್ಚಲ ಬಾಗಿಲಿಗೆ ಒರಗಿ, ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡು ನಿಲ್ಲುತ್ತಿದ್ದರು. “ಮೊಣಕೈ ಅದ್ದಿ ನೋಡೇ ರತ್ನಿ! ಬೆನ್ನು ಮೆತ್ತಗೆ ತಿಕ್ಕು! ಅಯ್ಯೋ, ಕಿವಿಗೆ ನೀರೋಯ್ತು!” ಕೂಸು ಚೀರಿದಾಗ ಒಂದು ಹೆಜ್ಜೆ ಮುಂದೆ ಬರುವರು, ಹಿಂದಕ್ಕೆ ಹೋಗುವರು. ನನಗೆ ನೋಡಲಾಗುತ್ತಿರಲಿಲ್ಲ. “ಬನ್ನಿ ಅತ್ತೆ, ಮುಟ್ಟಿದ್ರೆ ಏನೂ ಆಗಲ್ಲ,” ಎಂದು ಕರೆಯುತ್ತಿದ್ದೆ. ಒಳಗೊಳಗೇ, ಬರದಿದ್ದರೂ ಪರವಾಗಿಲ್ಲ ಅನ್ನಿಸುತ್ತಿತ್ತು. ಭಯ ನನ್ನನ್ನೂ ಬಿಟ್ಟಿರಲಿಲ್ಲ.

ಕೊನೆಯ ವರದಿಯನ್ನು ಮುನೀಂದ್ರ ತಂದ. ಚಪ್ಪಲಿ ಬಿಡುವ ಮೊದಲೇ, “ಇಲ್ಲ ಕಣಮ್ಮ, ಸಿಕ್ಕಿಲ್ಲ! ವಾಸಿ ಆಗಿದೆ ಅಂದ್ರು ಡಾಕ್ಟ್ರು!” ಎಂದ. ಅತ್ತೆ ಕಾಗದವನ್ನು ಈಸಿಕೊಂಡು, ಓದಲು ಬಾರದಿದ್ದರೂ, ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಸೀರೆ ಮೇಲೆತ್ತಿ ಕಟ್ಟಿ ಬಚ್ಚಲಿಗೆ ಹೋಗಿ ಕೂತು, “ಕೊಡು ಕೂಸ,” ಎಂದರು.

ಮೊಣಕೈ ಅದ್ದಿದರು. ‘ಹೂಂ’ ಅಂದರು. ಚಾಚಿದ ಕಾಲಿನ ಮೇಲೆ ಮಗಳು ಕಣ್ಣು ಮುಚ್ಚಿ ಸುಮ್ಮನೆ ಮಲಗಿದಳು, ಒಮ್ಮೆಯೂ ಅಳಲಿಲ್ಲ. ನೀರು ಮುಗಿಸಿ ಬಟ್ಟೆಯಲ್ಲಿ ಸುತ್ತಿದಾಗ ಅವಳ ಕೆನ್ನೆಯ ಮೇಲೆ ಉಗುರು ಗೀರಿದ ಗೆರೆ ಕಂಡಿತು. ಅತ್ತೆಯ ಕೈ ತಾನೇ ತಾನಾಗಿ ಆ ಪುಟ್ಟ ಬೆರಳನ್ನು ಬಾಯಿಯ ಹತ್ತಿರ ತಂದಿತು. ಅಲ್ಲೇ ನಿಂತಿತು. ತುಟಿ ಬಿಗಿದುಕೊಂಡು ಮುಖವನ್ನು ಪಕ್ಕಕ್ಕೆ ತಿರುಗಿಸಿದರು.

“ವಾಸಿ ಆಗಿದೆಯಲ್ಲ ಅತ್ತೆ,” ಎಂದೆ ಮೆಲ್ಲಗೆ.

“ಕಾಗದದಾಗೆ ಇಲ್ಲ ಅಂತ ಐತೆ ಕಣವ್ವ. ನನ್ ಬಾಯಿಗೆ ಇನ್ನೂ ಗೊತ್ತಾಗಿಲ್ಲ.”

ನಾನು ಪುಟ್ಟ ಕತ್ತರಿ ತಂದೆ. ಅವರು ಕೂಸಿನ ಕೈಯನ್ನು ತಮ್ಮ ಅಂಗೈಯಲ್ಲಿ ಅಲುಗಾಡದಂತೆ ಹಿಡಿದುಕೊಂಡರು, ನಾನು ಒಂದೊಂದೇ ಉಗುರು ತೆಗೆದೆ.