ಕಛ್‌ನ ಹಳ್ಳದಲ್ಲಿ ಸಿಕ್ಕ ಹಲ್ಲುಗಳು

ಮುಂಡರಗಿಯ ಹನಮಂತವ್ವ ಗುಜರಾತಿನ ಕಛ್‌ಗೆ ಹೋದದ್ದು ಮದುವೆಯಾದ ಹೊಸದರಲ್ಲಿ, ಗಂಡ ಉಡಚಪ್ಪನ ಜೊತೆ ರಸ್ತೆ ಕೆಲಸಕ್ಕೆ. ಅದೇ ಗ್ಯಾಂಗಿನಲ್ಲಿ ಲಕ್ಷ್ಮೇಶ್ವರದ ಮೋತಿಬಿ ಇದ್ದಳು. ವಯಸ್ಸಿನಲ್ಲಿ ಹಿರಿಯಳು, ಮಾತಿನಲ್ಲಿ ಚುರುಕು.

ಒಂದು ಸಂಜೆ ಒಣಗಿದ ಹಳ್ಳದಲ್ಲಿ ಕಟ್ಟಿಗೆ ಆರಿಸುವಾಗ ಹನಮಂತವ್ವನ ಅಂಗಾಲಿಗೆ ಏನೋ ಚುಚ್ಚಿತು. ಕಿತ್ತು ನೋಡಿದರೆ ಮುಳ್ಳಲ್ಲ, ಮೂರು ಮೂಲೆಯ ಬೂದು ಬಣ್ಣದ ಕಲ್ಲು; ಅಂಚಿಗೆ ಕುಡಗೋಲಿನಂಥ ಸಣ್ಣ ಕಚ್ಚುಗಳು. ಅದನ್ನು ಕಂಡ ಸೈಟ್ ಇಂಜಿನಿಯರ್ ಹಿಂದಿಯಲ್ಲಿ ಹೇಳಿದ್ದನ್ನು ಮೋತಿಬಿ ಬಿಡಿಸಿ ಹೇಳಿದಳು.

"ಮನಷ್ಯಾರು ಹುಟ್ಟೂಕಿಂತ ಮೊದ್ಲ ಇಲ್ಲಿ ಸಮುದ್ರ ಇತ್ತಂತ. ಇದು ಶಾರ್ಕ್ ಮೀನಿನ ಹಲ್ಲು, ಕಲ್ಲಾಗೇತಿ. ಆ ಜಾತಿ ಮೀನಽ ಈಗ ಇಲ್ಲಂತ."

ಉಡಚಪ್ಪ ನಕ್ಕ. "ಕುಡ್ಯಾಕ ನೀರಿಲ್ಲ, ಸಮುದ್ರ ಅಂತ ಸಮುದ್ರ."

ಹೆಂಗಸರಿಬ್ಬರಿಗೂ ಆ ಹಲ್ಲುಗಳ ಹುಚ್ಚು ಹಿಡಿಯಿತು. ಕೆಲಸ ಬಿಟ್ಟ ಮೇಲೆ ಇಳಿಬಿಸಿಲಿಗೆ ಮುಖ ಮಾಡಿ ಹಳ್ಳದುದ್ದಕ್ಕೂ ನಡೆಯುವರು. ಓರೆ ಬಿಸಿಲಿಗೆ ಹಲ್ಲುಗಳು ಮಿನುಗುತ್ತಿದ್ದವು. ಮೋತಿಬಿಯದು ಹದ್ದಿನ ಕಣ್ಣು. ಹೆಚ್ಚಿನವು ಅವಳಿಗೇ ಸಿಗುತ್ತಿದ್ದವು. ಹುಡುಕುತ್ತ ಹುಡುಕುತ್ತ ತವರಿನ ಮಾತು, ಊರಿನ ಮಾತು. ಆ ಮಾತಿನಾಸೆಗೇ ಹನಮಂತವ್ವ ಸಂಜೆಯಾಗುವುದನ್ನು ಕಾಯುತ್ತಿದ್ದಳು.

ರಸ್ತೆ ಮುಗಿದು ಊರಿಗೆ ಹೊರಟಾಗ ಮೋತಿಬಿ ತನ್ನವನ್ನೂ ಅವಳಿಗೇ ಕೊಟ್ಟಳು. ಆಮೇಲೆ ಸಂಸಾರ, ಮಕ್ಕಳು, ಹೊಲ; ಭೇಟಿ ಅಪರೂಪವಾಯಿತು. ವರ್ಷಗಳು ಉರುಳಿದವು.

ಈ ಶ್ರಾವಣದಲ್ಲಿ ಗದಗ ಬಸ್‌ಸ್ಟ್ಯಾಂಡಿನಲ್ಲಿ ಮೋತಿಬಿಯ ಮಗ ಜಹಾಂಗೀರ ಸಿಕ್ಕ. "ನಮ್ಮವ್ವಗ ಕಣ್ಣು ಪೂರಾ ಹೋಗ್ಯಾವ, ಚಿಗವ್ವ," ಎಂದ. ಮರುದಿನವೇ ಹನಮಂತವ್ವ ಹಲ್ಲುಗಳನ್ನು ಅರಿವೆಯಲ್ಲಿ ಗಂಟು ಕಟ್ಟಿಕೊಂಡು ಲಕ್ಷ್ಮೇಶ್ವರಕ್ಕೆ ಹೋದಳು.

ಉಡಿಯಲ್ಲಿ ಸುರುವಿದ ಹಲ್ಲುಗಳ ಮೇಲೆ ಮೋತಿಬಿ ಬೆರಳಾಡಿಸಿದಳು. ಒಂದರ ಮೇಲೆ ಹೆಬ್ಬೆರಳು ನಿಂತಿತು.

"ಇದು ಜಾಲಿಗಿಡದ ಬುಡಕ್ಕ ಸಿಕ್ಕದ್ದು. ಅವತ್ತ ನೀ ತವರ ನೆನಸಿ ಅಳಾಕತ್ತಿದ್ದಿ. ಸುಮ್ಮನಾಗ್ಲಿ ಅಂತ ಕೈಯಾಗ ಇಟ್ಟಿದ್ದೆ."

"ಹೆಂಗ ಗುರ್ತ ಹಿಡದಿ, ಅಕ್ಕಾ?"

"ತುದಿ ಮುರದೈತಲ್ಲ."

ಹನಮಂತವ್ವನಿಗೆ ಆ ಅಳುವೇ ಮರೆತುಹೋಗಿತ್ತು. ಈಗ ಮತ್ತೆ ಕಣ್ಣು ತುಂಬಿತು.

"ಅಷ್ಟ ಹತ್ತಿರ ಇದ್ರೂ ಸಮುದ್ರ ನೋಡ್ಲಿಲ್ಲ ನಾವು," ಎಂದಳು.

"ಅದರ ತಳದಾಗನಽ ಅಡ್ಡಾಡಿ ಬಂದೀವಿ. ಇನ್ನೇನ ನೋಡೂದೈತಿ?"

ಇಬ್ಬರೂ ನಕ್ಕರು. ಮಾತಿನಲ್ಲಿ ಮುಂಡರಗಿಗೆ ಹೋಗುವ ಬಸ್ಸಿನ ಹೊತ್ತು ಮೀರಿತು. ಜಹಾಂಗೀರ ಉಡಚಪ್ಪನಿಗೆ ಫೋನ್ ಮಾಡಿ, ಚಿಗವ್ವ ನಾಳೆ ಬರ್ತಾಳ ಎಂದು ಹೇಳಿದ. ಒಳಗೆ ಸೊಸೆ ರೊಟ್ಟಿ ಬಡಿಯತೊಡಗಿದಳು.